ಹಿಮದ ಮಂಟಪಕ್ಕೆ ನೆಂಟರನ್ನು ಕರೆಯುವ ಮುನ್ನ: ಯುಕ್ಕಸ್‌ಯಾರ್ವಿಯ ಐಸ್‌ಹೋಟೆಲ್

ಸ್ವೀಡನ್ನಿನ ಉತ್ತರ ತುದಿಯಲ್ಲಿ, ಆರ್ಕ್ಟಿಕ್ ವೃತ್ತವನ್ನು ದಾಟಿ ಇನ್ನೂ 140 ಕಿಲೋಮೀಟರಿನಷ್ಟು ಮೇಲಕ್ಕೆ ಹೋದರೆ ಯುಕ್ಕಸ್‌ಯಾರ್ವಿ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿ ಪ್ರತಿ ಚಳಿಗಾಲವೂ ಮಂಜುಗಡ್ಡೆಯಿಂದ ಹೊಸದಾಗಿ ಕಟ್ಟಲಾಗುವ ಐಸ್‌ಹೋಟೆಲ್‌ನ ವಿವಾಹ ಸಭಾಂಗಣದಲ್ಲಿ ನನ್ನ ಅಕ್ಕನ ಮಗಳ ಮದುವೆ ನಡೆಯಿತು. ಹುಡುಗ, ಹುಡುಗಿ ಇಬ್ಬರೂ ಸ್ಟಾಕ್‌ಹೋಮಿನಲ್ಲಿ ಉದ್ಯೋಗದಲ್ಲಿರುವವರಾದ್ದರಿಂದ ಅವರಿಗೆ ಆ ಉತ್ತರ ದೇಶ ಪರಕೀಯವಲ್ಲ. ಆದರೆ ಮೈಸೂರು, ಹಾಸನ, ಶಿವಮೊಗ್ಗಗಳಲ್ಲಿರುವ ನೆಂಟರನ್ನು ಕರೆಯುವ ಹೊಣೆ ಸೋದರಮಾವನಾದ ನನ್ನ ಮೇಲೆ ಬಿತ್ತು. ಆ ಸ್ಥಳದ ಸೌಂದರ್ಯವನ್ನು ಬಣ್ಣಿಸಿದ ಬರಹಗಳಿಗೆ ಕೊರತೆಯಿಲ್ಲ. ನಾನು ಈ ವಿಮರ್ಶೆಯನ್ನು ಬರೆಯುತ್ತಿರುವುದು ಕರೆಯುವವರ ಕಡೆಯಿಂದ: ನಾಲ್ಕು ಜನರನ್ನು ಅಷ್ಟು ದೂರ, ಅಷ್ಟು ಚಳಿಗೆ ಬರಹೇಳುವಾಗ ಈ ಸ್ಥಳ ಎಷ್ಟರ ಮಟ್ಟಿಗೆ ನಮ್ಮ ಮಾತನ್ನು ಉಳಿಸುತ್ತದೆ, ಎಲ್ಲೆಲ್ಲಿ ನಾವೇ ಮೊದಲೇ ಬಾಯಿಬಿಟ್ಟು ಹೇಳಿರಬೇಕಾಗುತ್ತದೆ ಎಂಬುದು ನನ್ನ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಜಾಗ ಅಪೂರ್ವವಾದದ್ದು, ಅಲ್ಲಿನ ಸಿಬ್ಬಂದಿಯ ಆತಿಥ್ಯ ಅಚ್ಚುಕಟ್ಟಾದದ್ದು. ಆದರೆ ಅಲ್ಲಿಗೆ ಕಳುಹಿಸುವ ಲಗ್ನಪತ್ರಿಕೆ ನಮ್ಮ ಊರಿನ ಛತ್ರಕ್ಕೆ ಕರೆಯುವ ಪತ್ರಿಕೆಯಂತಿದ್ದರೆ ಬಂದವರು ನಿಜವಾಗಿಯೂ ಕಷ್ಟಪಡುತ್ತಾರೆ.

ಹೋಟೆಲಿನ ಸ್ವರೂಪ ತಿಳಿಯದೆ ಕರೆಯಲು ಹೊರಡಬಾರದು. 1989-90ರ ಚಳಿಗಾಲದಲ್ಲಿ ಹಿಮದ ಕಲಾಪ್ರದರ್ಶನಕ್ಕಾಗಿ ಕಟ್ಟಿದ ಗುಡಿಸಲಿನಿಂದ ಬೆಳೆದ ಸಂಸ್ಥೆಯಿದು. ಅದರ ಹಿಂದಿದ್ದವರು ಇಂಗ್ವೆ ಬೆರಿಕ್ವಿಸ್ಟ್. ಊರಿನ ಪಕ್ಕದಲ್ಲೇ ಹರಿಯುವ ತೋರ್ನೆ ನದಿ ಗಟ್ಟಿಯಾಗಿ ಹೆಪ್ಪುಗಟ್ಟಿರುವ ವಸಂತದ ಆರಂಭದಲ್ಲಿ ಅದರ ಮಂಜುಗಡ್ಡೆಯನ್ನು ದೊಡ್ಡ ದೊಡ್ಡ ದಿಮ್ಮಿಗಳಾಗಿ ಕೊಯ್ದು, ಬೇಸಿಗೆಯುದ್ದಕ್ಕೂ ಶೀತಲ ಗೋದಾಮಿನಲ್ಲಿಟ್ಟು, ನವೆಂಬರಿನಲ್ಲಿ ಕಟ್ಟಲು ತೊಡಗುತ್ತಾರೆ. ಡಿಸೆಂಬರಿನಲ್ಲಿ ಬಾಗಿಲು ತೆರೆಯುವ ಕಟ್ಟಡ ಏಪ್ರಿಲ್ ಹೊತ್ತಿಗೆ ಕರಗಿ ಮತ್ತೆ ಅದೇ ನದಿಗೆ ಸೇರುತ್ತದೆ. 2016ರಿಂದ ವರ್ಷವಿಡೀ ತೆರೆದಿರುವ ಒಂದು ಭಾಗವೂ ಇದೆ. ಬೇಸಿಗೆಯಲ್ಲಿ ಅದನ್ನು ತಂಪಾಗಿಡುವುದು ಸೌರವಿದ್ಯುತ್ತು, ಏಕೆಂದರೆ ಅಲ್ಲಿ ಮೇ ತಿಂಗಳ ಕೊನೆಯಿಂದ ಜುಲೈ ಮಧ್ಯದವರೆಗೆ ಸೂರ್ಯ ಮುಳುಗುವುದೇ ಇಲ್ಲ. ವಿವಾಹದ ಸಭಾಂಗಣ ಮಾತ್ರ ಚಳಿಗಾಲದ ಕಟ್ಟಡಕ್ಕೆ ಸೇರಿದ್ದು, ಅದರ ವಿನ್ಯಾಸ ವರ್ಷ ವರ್ಷವೂ ಬದಲಾಗುತ್ತದೆ. ಹಾಗಾಗಿ ಹಿಂದಿನ ವರ್ಷದ ಚಿತ್ರವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ‘ಇದೇ ಮಂಟಪ’ ಎಂದು ಹೇಳುವುದು ಸರಿಯಲ್ಲ. ಇದು ಸಣ್ಣ ಸಂಗತಿಯಾದರೂ, ಚಿತ್ರ ನೋಡಿ ಆಸೆಪಟ್ಟು ಬಂದವರಿಗೆ ಬೇರೆಯದೇ ಮಂಟಪ ಕಂಡಾಗ ಮನಸ್ಸಿಗೆ ಪಿಚ್ಚೆನಿಸುತ್ತದೆ.

ಸಭಾಂಗಣದ ಒಳಗೆ ಕಾಲಿಟ್ಟಾಗ ಮೊದಲು ಗಮನಕ್ಕೆ ಬರುವುದು ಅಲ್ಲಿನ ಸದ್ದಿಲ್ಲದಿರುವಿಕೆ. ಹಿಮದ ಗೋಡೆಗಳು ಶಬ್ದವನ್ನು ಹೀರಿಕೊಳ್ಳುವುದರಿಂದ ಮಾತುಗಳು ಮಾರ್ದನಿಗೊಳ್ಳುವುದಿಲ್ಲ. ಮದುಮಗಳ ಬಳೆಗಳು ಒಂದಕ್ಕೊಂದು ತಾಗಿದ ಸದ್ದು ಕೊನೆಯ ಸಾಲಿನವರೆಗೂ ಬಿಡಿಬಿಡಿಯಾಗಿ ಕೇಳಿಸಿತು. ಕುಳಿತುಕೊಳ್ಳಲು ಮಂಜುಗಡ್ಡೆಯ ಬೆಂಚುಗಳಿವೆ, ಅವುಗಳ ಮೇಲೆ ಹಿಮಸಾರಂಗದ ಚರ್ಮ ಹಾಸಿರುತ್ತದೆ. ಚರ್ಮದ ಮೇಲೆ ಕೂರದ ಹಿರಿಯರು ನಮ್ಮಲ್ಲಿ ಹಲವರಿರುವುದರಿಂದ ದಪ್ಪನೆಯ ಉಣ್ಣೆಯ ಆಸನವನ್ನು ಜೊತೆಗೆ ಕೊಂಡೊಯ್ಯುವಂತೆ ಪತ್ರಿಕೆಯಲ್ಲೇ ತಿಳಿಸಿದ್ದು ಒಳ್ಳೆಯದಾಯಿತು. ಒಳಗಿನ ತಾಪಮಾನ ಮೈನಸ್ 5 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೊರಗಿನ ಮೈನಸ್ 20ರಿಂದ ಒಳಗೆ ಬಂದವರಿಗೆ ಇದು ಬೆಚ್ಚಗೆ ತೋರಿದರೂ ಇಪ್ಪತ್ತು ನಿಮಿಷ ಕದಲದೆ ಕುಳಿತರೆ ಕಾಲ್ಬೆರಳುಗಳು ಮರಗಟ್ಟುತ್ತವೆ. ವಿಧಿಯನ್ನು ಚಿಕ್ಕದಾಗಿ ಮುಗಿಸುವುದು ಅಲ್ಲಿನ ರೂಢಿ. ನಮ್ಮ ಪುರೋಹಿತರು ಒಂದು ಮುಹೂರ್ತಕ್ಕೆ ತೆಗೆದುಕೊಳ್ಳುವ ಹೊತ್ತು ಅಲ್ಲಿ ಸಾಧ್ಯವೇ ಇಲ್ಲ. ಮಂಜುಗಡ್ಡೆಯ ಮಾಡಿನ ಕೆಳಗೆ ಹೋಮಕುಂಡ ಹೊತ್ತಿಸುವ ಯೋಚನೆಯನ್ನು ನಾವು ಮೊದಲೇ ಬಿಟ್ಟಿದ್ದೆವು.

ಆದ್ದರಿಂದಲೇ ಧಾರೆ, ಸಪ್ತಪದಿ, ಬೀಗರೂಟಗಳೆಲ್ಲ ನವೆಂಬರಿನಲ್ಲಿ ಮೈಸೂರಿನಲ್ಲಿ ನೆರವೇರಿದವು. ಕಾನೂನಿನ ಪ್ರಕಾರದ ವಿವಾಹವೂ ಗೆಳೆಯರ ಕೂಟವೂ ಮಾರ್ಚಿಯಲ್ಲಿ ಯುಕ್ಕಸ್‌ಯಾರ್ವಿಯಲ್ಲಿ ನಡೆದವು. ಉತ್ತರಕ್ಕೆ ಕರೆಯಬೇಕೆನ್ನುವ ಕನ್ನಡದ ಮನೆಗಳಿಗೆ ನಾನು ಕೊಡುವ ಮೊದಲ ಸಲಹೆಯೇ ಈ ವಿಂಗಡಣೆ. ನಮ್ಮಲ್ಲಿ ಮದುವೆಗೆ ಕರೆಯುವುದೆಂದರೆ ಮನೆಗೆ ಹೋಗಿ, ಕುಂಕುಮ ಕೊಟ್ಟು, ಅಂಚಿಗೆ ಅರಿಶಿನ ಹಚ್ಚಿದ ಪತ್ರಿಕೆಯನ್ನು ಕೈಗಿಟ್ಟು, ‘ಮನೆಮಂದಿಯೆಲ್ಲ ಬರಬೇಕು’ ಎನ್ನುವುದು. ‘ಮನೆಮಂದಿಯೆಲ್ಲ’ ಎಂಬ ಆ ಮಾತನ್ನು ಯುಕ್ಕಸ್‌ಯಾರ್ವಿಗೆ ಹೇಳಲಾಗುವುದಿಲ್ಲ, ಹೇಳದೆ ಪತ್ರಿಕೆ ಕೊಟ್ಟರೆ ಕರೆದಂತಾಗುವುದಿಲ್ಲ. ಧಾರೆಯ ಪತ್ರಿಕೆಯನ್ನು ಎಲ್ಲರಿಗೂ ಹಿಂದಿನಂತೆಯೇ ಕೊಟ್ಟು, ಉತ್ತರದ ಪಯಣವನ್ನು ಬೇರೆಯದೇ ಆದ ಒಂದು ಪತ್ರದಲ್ಲಿ, ನಿಜವಾಗಿ ಬರಬಲ್ಲವರಿಗೆ ಮಾತ್ರ ಹೆಸರು ಹಿಡಿದು ಬರೆದೆವು. ನಮ್ಮ ದೊಡ್ಡಮ್ಮನವರಿಗೆ ಇದನ್ನು ಹೇಗೆ ಹೇಳುವುದೆಂಬ ಅಳುಕು ಅಕ್ಕನಿಗಿತ್ತು. ನಾನು ವಿಷಯವನ್ನು ಬಿಡಿಸಿ ಹೇಳಿದಾಗ ದೊಡ್ಡಮ್ಮನೇ, “ನೀನು ಬಂದು ಕರೆದದ್ದೇ ನನಗೆ ಸಂತೋಷ ಕಣಪ್ಪ. ಧಾರೆಗೆ ಇಲ್ಲೇ ಕೈತುಂಬ ಅಕ್ಷತೆ ಹಾಕ್ತೀನಿ. ಆ ಚಳಿಗೆ ಮಾತ್ರ ನನ್ನನ್ನ ಕರೀಬೇಡ” ಎಂದರು. ಹಿರಿಯರು ಬೇಸರಪಡುವುದು ತಮಗೆ ಬರಲಾಗದ ಊರಿನಲ್ಲಿ ಮದುವೆ ನಡೆಯುತ್ತದೆ ಎಂಬುದಕ್ಕಲ್ಲ. ತಮ್ಮನ್ನು ಕೇಳದೆಯೇ ಪಟ್ಟಿಯಿಂದ ಬಿಟ್ಟರು ಎಂಬುದಕ್ಕೆ.

ಇನ್ನು ಎರಡನೆಯ ಬಗೆಯ ಆಹ್ವಾನವೊಂದಿದೆ, ಅದು ದೂತಾವಾಸಕ್ಕಾಗಿ ಬರೆಯುವಂಥದು. ಸ್ವೀಡನ್ ಒಂದೇ ವೀಸಾ ನಡೆಯುವ ಐರೋಪ್ಯ ದೇಶಗಳ ಷೆಂಗೆನ್ ಒಕ್ಕೂಟಕ್ಕೆ ಸೇರಿದ್ದರಿಂದ ಭಾರತದ ಪಾಸ್‌ಪೋರ್ಟ್ ಇರುವ ಪ್ರತಿ ಅತಿಥಿಗೂ ವೀಸಾ ಬೇಕು, ಮತ್ತು ಕರೆಯುವವರು ಅಲ್ಲಿ ನೆಲೆಸಿರುವ ಬಂಧುಗಳಾದರೆ ಅವರು ನಿಗದಿತ ನಮೂನೆಯಲ್ಲಿ ಆಹ್ವಾನವನ್ನು ತುಂಬಿ, ತಮ್ಮ ಜನಸಂಖ್ಯಾ ನೋಂದಣಿಯ ದಾಖಲೆಯ ಪ್ರತಿಯೊಡನೆ ಕಳುಹಿಸಿಕೊಡಬೇಕಾಗುತ್ತದೆ. ಬಣ್ಣದ ಲಗ್ನಪತ್ರಿಕೆ ಎಷ್ಟೇ ಚೆನ್ನಾಗಿದ್ದರೂ ಅದು ಈ ನಮೂನೆಯ ಜಾಗದಲ್ಲಿ ನಿಲ್ಲುವುದಿಲ್ಲ. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮುಂಚಿತವಾಗಿ ಸಲ್ಲಿಸಬಹುದು, 15 ದಿನಕ್ಕಿಂತ ಕಡಿಮೆ ಉಳಿದಿರುವಾಗ ಸಲ್ಲಿಸಬಾರದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನವೆಂದಿದ್ದರೂ ಅದು 45 ದಿನಗಳವರೆಗೆ ಎಳೆಯಬಹುದು. 2024ರ ಜೂನ್ ತಿಂಗಳಿನಿಂದ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ಪಡೆದದ್ದಾಗಿರಬೇಕು, ಹಿಂದಿರುಗುವ ದಿನದ ನಂತರವೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟಗಳಾದರೂ ಖಾಲಿಯಿರಬೇಕು. ಬೆರಳಚ್ಚು ಕೊಡಲು ಅರ್ಜಿ ಕೇಂದ್ರಕ್ಕೆ ತಾವೇ ಹೋಗಬೇಕು. ಹಿಂದಿನ 59 ತಿಂಗಳೊಳಗೆ ಕೊಟ್ಟಿದ್ದವರಿಗೆ ಸಾಮಾನ್ಯವಾಗಿ ಇದರಿಂದ ವಿನಾಯಿತಿಯಿದೆ. ಊರಿನಲ್ಲಿರುವ ಚಿಕ್ಕಪ್ಪ ಚಿಕ್ಕಮ್ಮಂದಿರಿಗೆ ಇದನ್ನೆಲ್ಲ ತಾವಾಗಿ ತಿಳಿದುಕೊಳ್ಳಿ ಎನ್ನುವುದು ಕರೆಯುವ ರೀತಿಯಲ್ಲ. ಒಬ್ಬೊಬ್ಬರ ಜೊತೆಯೂ ಕುಳಿತು ಕಾಗದಪತ್ರ ಜೋಡಿಸಿಕೊಡುವಷ್ಟು ಬಿಡುವಿದ್ದರೆ ಮಾತ್ರ ಅವರ ಹೆಸರನ್ನು ಪಟ್ಟಿಗೆ ಸೇರಿಸಬೇಕು.

ಇಲ್ಲಿ ಒಂದು ಅಸಮಾಧಾನವನ್ನು ದಾಖಲಿಸಲೇಬೇಕು. ಉತ್ತರದ ಪತ್ರಿಕೆಯನ್ನು ರೂಪಿಸಿಕೊಡಲು ಬೆಂಗಳೂರಿನ ಒಂದು ಮದುವೆ ಆಯೋಜಕ ಸಂಸ್ಥೆಗೆ ಹಣ ಕೊಟ್ಟಿದ್ದೆವು. ಅವರು ಮೊಬೈಲಿನಲ್ಲಿ ತೆರೆದುಕೊಳ್ಳುವ, ಹಸಿರು ಬೆಳಕಿನ ಆಕಾಶವಿರುವ, ಹಿನ್ನೆಲೆಯಲ್ಲಿ ಸಂಗೀತವಿರುವ ಪತ್ರಿಕೆಯನ್ನು ಕಳುಹಿಸಿದರು. ಅತಿಥಿಗಳು ಯಾವ ಬಣ್ಣದ ಉಡುಪು ಧರಿಸಬೇಕೆಂಬ ಸೂಚನೆ ಅದರಲ್ಲಿತ್ತು. ಯಾವ ಬೂಟು ಬೇಕೆಂಬುದು ಇರಲಿಲ್ಲ. ಉತ್ತರದ ರಾತ್ರಿಯಾಕಾಶದಲ್ಲಿ ಮೂಡುವ ಆ ಬೆಳಕನ್ನು ನೆನೆದು ‘ಧ್ರುವಪ್ರಭೆಯ ಕೆಳಗೆ ಮಾಂಗಲ್ಯಧಾರಣೆ’ ಎಂಬ ಸಾಲಿತ್ತು. ಹತ್ತಿರದ ವಿಮಾನ ನಿಲ್ದಾಣ ಯಾವುದೆಂದಿರಲಿಲ್ಲ. ಉತ್ತರ ಕೊಡಬೇಕಾದ ಕೊನೆಯ ದಿನವನ್ನು ಮದುವೆಗೆ ಮೂರು ವಾರ ಮುಂಚೆಗೆ ಇಟ್ಟಿದ್ದರು, ಅಷ್ಟು ಹೊತ್ತಿಗೆ ವೀಸಾ ಅರ್ಜಿಯ ಅವಧಿಯೇ ಮುಗಿಯುತ್ತ ಬಂದಿರುತ್ತದೆ. ಅದನ್ನು ಬದಿಗಿಟ್ಟು ನಾವೇ ಎರಡು ಪುಟದ ಸರಳ ಕನ್ನಡ ಪತ್ರ ಬರೆದೆವು. ಮಕ್ಕಳು ಆ ಬಣ್ಣದ ಪತ್ರಿಕೆಯನ್ನೂ ಗೆಳೆಯರಿಗೆ ಹಂಚಿಕೊಂಡರು, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ನೆಂಟರು ಫ್ರಿಜ್ಜಿನ ಮೇಲೆ ಅಂಟಿಸಿಕೊಂಡು ಮತ್ತೆ ಮತ್ತೆ ಓದಿದ್ದು ಆ ಎರಡು ಪುಟಗಳನ್ನೇ.

ಧ್ರುವಪ್ರಭೆಯ ಮಾತನ್ನು ನಾನು ಮುಖ್ಯವಾಗಿ ತೆಗೆಸಿದೆ. ಹಳ್ಳಿಗೆ ಹತ್ತಿರದ ಪಟ್ಟಣವಾದ ಕಿರುನಾದ ಸುತ್ತಲ ಪ್ರದೇಶದಲ್ಲಿ ಸೆಪ್ಟೆಂಬರಿನಿಂದ ಮಾರ್ಚಿಯವರೆಗೆ ಅದು ಕಾಣಿಸಿಕೊಳ್ಳುವ ಸಂಭವ ಚೆನ್ನಾಗಿಯೇ ಇದೆ, ಪಶ್ಚಿಮದ ಅಬಿಸ್ಕೋ ಕಣಿವೆಯಂತೂ ಮೋಡ ಕಡಿಮೆಯಿರುವುದರಿಂದ ಅದಕ್ಕೇ ಹೆಸರಾಗಿದೆ. ಆದರೆ ಮೋಡ ಕವಿದರೆ ಒಂದು ವಾರ ಕುಳಿತರೂ ಕಾಣುವುದಿಲ್ಲ. ಕೊಡುವುದು ನಮ್ಮ ಕೈಯಲ್ಲಿಲ್ಲದ್ದನ್ನು ಪತ್ರಿಕೆಯಲ್ಲಿ ಮಾತು ಕೊಡಬಾರದು. ತಿಂಗಳ ಆಯ್ಕೆಯೂ ಅತಿಥಿಗಳನ್ನು ನೆನೆದೇ ಆಗಬೇಕು. ಡಿಸೆಂಬರಿನ ಮಧ್ಯದಿಂದ ಹೊಸವರ್ಷದ ಹೊತ್ತಿನವರೆಗೆ ಅಲ್ಲಿ ಸೂರ್ಯ ದಿಗಂತದ ಮೇಲಕ್ಕೆ ಬರುವುದಿಲ್ಲ. ನಡುಹಗಲಿನಲ್ಲಿ ಕೆಲಹೊತ್ತು ನೀಲಿ ಬೆಳಕು ಹರಡಿ ಮತ್ತೆ ಕತ್ತಲಾಗುತ್ತದೆ. ಮದುಮಕ್ಕಳಿಗೆ ಅದು ರಮ್ಯವಾಗಿ ಕಾಣಬಹುದು, ಮೊದಲ ಬಾರಿಗೆ ಬಂದ ವಯಸ್ಸಾದ ತಂದೆತಾಯಿಯರಿಗೆ ಎದೆಗುಂದಿಸುತ್ತದೆ. ಜನವರಿಯಲ್ಲಿ ಮೈನಸ್ 30ಕ್ಕೆ ಇಳಿಯುವ ದಿನಗಳೂ ಉಂಟು. ಮಾರ್ಚಿಯ ಮಧ್ಯದಲ್ಲಾದರೆ ಹಗಲು ಸುಮಾರು ಹನ್ನೆರಡು ಗಂಟೆಯಷ್ಟಿರುತ್ತದೆ, ಬಿಸಿಲಿಗೆ ಹಿಮ ಹೊಳೆಯುತ್ತದೆ, ಕಟ್ಟಡ ಇನ್ನೂ ಗಟ್ಟಿಯಾಗಿರುತ್ತದೆ, ರಾತ್ರಿಯೂ ಧ್ರುವಪ್ರಭೆಗೆ ಸಾಕಾಗುವಷ್ಟು ಕತ್ತಲಾಗುತ್ತದೆ. ಕರೆಯುವವರು ಮಾರ್ಚಿಯನ್ನೇ ಹಿಡಿಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಪರೀಕ್ಷೆಯ ಕಾಲವಾದ್ದರಿಂದ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆ ಆಗ ಬರಲಾಗದು ಎಂಬ ತೊಡಕು ಮಾತ್ರ ಉಳಿಯುತ್ತದೆ.

ದಾರಿಯ ವಿವರ ಕಷ್ಟದ್ದಲ್ಲ. ಸ್ಟಾಕ್‌ಹೋಮಿನಿಂದ ಕಿರುನಾಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆ. ಇಲ್ಲವೇ ಸಂಜೆ ಹೊರಡುವ ಸ್ಲೀಪರ್ ರೈಲು ಹಿಡಿದರೆ ಮರುದಿನ ಕಿರುನಾದಲ್ಲಿಳಿಯಬಹುದು. ಕಿರುನಾ ಪಟ್ಟಣದಿಂದ ಹಳ್ಳಿ 17 ಕಿಲೋಮೀಟರ್. ದೀರ್ಘ ವಿಮಾನಯಾನದಿಂದ ಬಳಲಿದವರು ಒಂದು ರಾತ್ರಿ ಸ್ಟಾಕ್‌ಹೋಮಿನಲ್ಲಿ ತಂಗಿಯೇ ಮುಂದುವರಿಯಬೇಕು.

ಉಡುಪಿನ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಮೈಗಂಟಿದ ಉಣ್ಣೆಯ ಒಳಉಡುಪು, ಅದರ ಮೇಲೆ ಇನ್ನೊಂದು ಬೆಚ್ಚನೆಯ ಪದರ, ಅದರ ಮೇಲೆ ರೇಷ್ಮೆ ಸೀರೆ, ಎಲ್ಲಕ್ಕೂ ಹೊರಗೆ ದಪ್ಪನೆಯ ಮೇಲಂಗಿ: ಈ ಕ್ರಮದಲ್ಲಿ ನಮ್ಮ ಹೆಂಗಸರು ಕಾಂಜೀವರಂ ಉಟ್ಟೂ ಆರಾಮವಾಗಿದ್ದರು. ಹತ್ತಿಯ ಬನಿಯನ್ ಬೆವರನ್ನು ಹಿಡಿದಿಟ್ಟುಕೊಂಡು ಮೈಯನ್ನು ತಣ್ಣಗಾಗಿಸುವುದರಿಂದ ಅದನ್ನು ಬಿಡಬೇಕು. ಒಂದು ಅಳತೆ ದೊಡ್ಡದಾದ ಬೂಟು, ಒಳಗೆ ಉಣ್ಣೆಯ ಕಾಲುಚೀಲ, ಕೈಗೆ ಬೆರಳುಗಳು ಒಟ್ಟಿಗೆ ಸೇರುವ ಗವಸು ಬೇಕು. ಓಲೆ, ಜುಮುಕಿಗಳ ಮಾತನ್ನು ವಿಶೇಷವಾಗಿ ಹೇಳಬೇಕು. ಲೋಹವು ಶಾಖವನ್ನು ಬೇಗ ಬಿಟ್ಟುಕೊಡುವುದರಿಂದ ಹೊರಗಿನ ಚಳಿಯಲ್ಲಿ ಕಿವಿಯ ಚಿನ್ನ ಚರ್ಮವನ್ನು ಕಡಿಯುವಷ್ಟು ತಣ್ಣಗಾಗುತ್ತದೆ. ಮಾಂಗಲ್ಯ ಬಟ್ಟೆಯೊಳಗೆ ಮೈಗೆ ತಾಗಿಕೊಂಡಿದ್ದರೆ ತೊಂದರೆಯಿಲ್ಲ, ಓಲೆಯನ್ನು ಟೋಪಿಯಿಂದ ಮುಚ್ಚಬೇಕು ಅಥವಾ ಸಭಾಂಗಣದ ಒಳಗೆ ಹೋದ ಮೇಲೆ ಹಾಕಿಕೊಳ್ಳಬೇಕು. ಹೋಟೆಲಿನವರು ಚಳಿಯ ಹೊರ ಉಡುಪು, ಬೂಟುಗಳನ್ನು ಒದಗಿಸುತ್ತಾರೆ ಎಂಬುದು ದೊಡ್ಡ ಅನುಕೂಲ. ಕಾಲಿನ ಅಳತೆ ಹೇಳಿದ ಕೂಡಲೇ ಸರಿಹೊಂದುವ ಬೂಟನ್ನು ಹುಡುಕಿಕೊಟ್ಟು, ಮಂಡಿ ಬಗ್ಗದ ನಮ್ಮ ಭಾವನವರಿಗೆ ಅಲ್ಲಿನ ಹುಡುಗಿಯೊಬ್ಬಳು ತಾನೇ ಕೆಳಗೆ ಕೂತು ಪಟ್ಟಿ ಬಿಗಿದುಕೊಟ್ಟಳು. ಇಂಥ ನಡವಳಿಕೆ ಹಣ ಕೊಟ್ಟರೂ ಎಲ್ಲೆಡೆ ಸಿಗುವುದಿಲ್ಲ.

ವಾಸದ ವಿಷಯದಲ್ಲಿ ಅತಿಥಿಗಳಿಗೆ ಆಯ್ಕೆ ಬಿಡಬೇಕು. ಮಂಜುಗಡ್ಡೆಯ ಕೋಣೆಗಳಲ್ಲಿ ಮೈನಸ್ 5ರಿಂದ ಮೈನಸ್ 8 ಡಿಗ್ರಿಯವರೆಗಿನ ಚಳಿಯಿರುತ್ತದೆ. ಹಾಸಿಗೆಯ ಮೇಲೆ ಹಿಮಸಾರಂಗದ ಚರ್ಮ, ಅದರ ಮೇಲೆ ತೀವ್ರ ಚಳಿಗೆಂದೇ ಮಾಡಿದ ಮಲಗುವ ಚೀಲ. ಶೌಚಾಲಯ ಕೋಣೆಯಲ್ಲಿಲ್ಲ, ಪಕ್ಕದ ಬೆಚ್ಚನೆಯ ಕಟ್ಟಡಕ್ಕೆ ನಡೆದು ಹೋಗಬೇಕು. ಸಾಮಾನು ಸರಂಜಾಮು ಇಡುವುದೂ ಅಲ್ಲೇ. ಹಗಲಿನಲ್ಲಿ ಕೋಣೆಗಳು ನೋಡಲು ಬಂದವರಿಗೆ ತೆರೆದಿರುವುದರಿಂದ ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗುತ್ತೇನೆಂದರೆ ಆಗುವುದಿಲ್ಲ. ರಾತ್ರಿ ಎರಡು ಮೂರು ಸಲ ಏಳುವ ಅಭ್ಯಾಸವಿರುವವರಿಗೆ, ಮಧುಮೇಹಿಗಳಿಗೆ, ಉಬ್ಬಸವಿರುವವರಿಗೆ ನಾವು ಬೆಚ್ಚನೆಯ ಕೊಠಡಿಗಳನ್ನೇ ಕಾದಿರಿಸಿದೆವು. ಇನ್ಸುಲಿನ್ ಹೆಪ್ಪುಗಟ್ಟಿದರೆ ಮತ್ತೆ ಉಪಯೋಗಿಸುವಂತಿಲ್ಲ, ಆದ್ದರಿಂದ ಅದನ್ನು ಹೊರಗೆ ಓಡಾಡುವಾಗ ಮೈಗೆ ಹತ್ತಿರದ ಜೇಬಿನಲ್ಲೇ ಇಟ್ಟುಕೊಳ್ಳಬೇಕೆಂದು ಪತ್ರದಲ್ಲಿ ಬರೆದಿದ್ದೆವು. ಗಟ್ಟಿಮುಟ್ಟಾದವರು ಒಂದು ರಾತ್ರಿ ಚಳಿಯ ಕೋಣೆಯಲ್ಲಿ ಕಳೆದರೆ ಸಾಕು. ಬೆಳಗ್ಗೆ ಸಿಬ್ಬಂದಿ ತಂದುಕೊಡುವ ಲಿಂಗನ್ ಎಂಬ ಕೆಂಪು ಕಾಡುಹಣ್ಣಿನ ಬಿಸಿಬಿಸಿ ಪಾನಕ ಕುಡಿದವರೆಲ್ಲ ಅದನ್ನು ಹೊಗಳುತ್ತಲೇ ಎದ್ದರು.

ಊಟದಲ್ಲಿ ಹಿಮಸಾರಂಗದ ಮಾಂಸ, ಆರ್ಕ್ಟಿಕ್ ಮೀನುಗಳೇ ಆ ಸೀಮೆಯ ಹೆಮ್ಮೆ. ಸಸ್ಯಾಹಾರಿಗಳೆಂದು ಮುಂಚಿತವಾಗಿ ತಿಳಿಸಿದರೆ ಶ್ರದ್ಧೆಯಿಂದ ಮಾಡಿಕೊಡುತ್ತಾರೆ, ಮೊಟ್ಟೆಯೂ ಬೇಡವೆಂಬುದನ್ನು ಬಿಡಿಸಿ ಹೇಳಬೇಕು. ಬೇರಿನ ತರಕಾರಿಗಳು, ಅಣಬೆ, ಬ್ರೆಡ್ ಚೆನ್ನಾಗಿದ್ದವು. ಅನ್ನ ಸಾರಿಲ್ಲದೆ ಎರಡು ದಿನ ಕಳೆಯಲಾರದವರಿಗೆ ಅದು ಊಟವೆನಿಸಲಿಲ್ಲ. ಊರಿನಿಂದ ಏನು ತರಬಹುದೆಂದು ಎಲ್ಲರೂ ಕೇಳುತ್ತಾರೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ತರುವಂತಿಲ್ಲ, ಆದ್ದರಿಂದ ಮನೆಯ ತುಪ್ಪ ಮನೆಯಲ್ಲೇ ಇರಲಿ. ಹಣ್ಣು, ಹೂವು, ಎಲೆಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಹಾಗಾಗಿ ವೀಳ್ಯದೆಲೆ, ಮಾವಿನೆಲೆ, ಮಲ್ಲಿಗೆ ದಂಡೆಗಳನ್ನು ಪೆಟ್ಟಿಗೆಯಲ್ಲಿ ಹಾಗೆಯೇ ತುಂಬಿಕೊಂಡು ಬರಬಾರದು. ತೆಂಗಿನಕಾಯಿ ಮತ್ತು ಬಾಳೆಹಣ್ಣು ಮಾತ್ರ ಆ ಪ್ರಮಾಣಪತ್ರದಿಂದ ವಿನಾಯಿತಿ ಪಡೆದ ಐದು ಹಣ್ಣುಗಳಲ್ಲಿ ಸೇರಿವೆ ಎಂಬುದು ನಮ್ಮವರಿಗೆ ಬಹಳ ಸಮಾಧಾನ ತಂದಿತು. ಅಕ್ಷತೆಯ ಅಕ್ಕಿಯನ್ನು ಸ್ಟಾಕ್‌ಹೋಮಿನಲ್ಲೇ ಕೊಂಡು, ಅರಿಶಿನ ಕಲಸಿ, ಹೋಟೆಲಿನವರನ್ನು ಕೇಳಿಕೊಂಡು ಸಭಾಂಗಣದ ಹೊರಗಿನ ಅಂಗಳದಲ್ಲಿ ಹಾಕಿದೆವು. ಗವಸು ತೆಗೆದ ಕೈಗಳಿಂದ ಬಿದ್ದ ಹಳದಿ ಕಾಳುಗಳು ಹಿಮದ ಮೇಲೆ ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಸ್ವೀಡನ್ನಿನ ಗೆಳೆಯರು ತಮಗೂ ಒಂದು ಹಿಡಿ ಕೇಳಿ ಪಡೆದು, ನಾವು ಹೇಳಿಕೊಟ್ಟಂತೆ ತಲೆಯ ಮೇಲೆ ಬೀಳುವ ಹಾಗೆ ಹಾಕಿದರು.

ಕಾನೂನಿನ ದೃಷ್ಟಿಯಿಂದ ಸ್ವೀಡನ್ನಿನ ವಿವಾಹ ಸರಳವೇ. ವಿವಾಹಕ್ಕೆ ಅಡ್ಡಿಯಿಲ್ಲವೆಂದು ಅಲ್ಲಿನ ತೆರಿಗೆ ಇಲಾಖೆ ಪರಿಶೀಲಿಸಿ ಕೊಡುವ ಪ್ರಮಾಣಪತ್ರ 4 ತಿಂಗಳು ಮಾತ್ರ ಚಾಲ್ತಿಯಲ್ಲಿರುತ್ತದೆ. ಅಧಿಕಾರವಿರುವ ವಿವಾಹಾಧಿಕಾರಿ ಮತ್ತು ಇಬ್ಬರು ಸಾಕ್ಷಿಗಳು ಹಾಜರಿರಬೇಕು. ಊರಿನಲ್ಲಿ ಶಾಸ್ತ್ರೋಕ್ತ ಮದುವೆ ಮೊದಲೇ ಆಗಿದ್ದು ಅದನ್ನು ನೋಂದಾಯಿಸಿಯೂ ಇದ್ದರೆ ಅಲ್ಲಿ ಎರಡನೆಯ ಬಾರಿ ಕಾನೂನಿನ ವಿವಾಹ ಮಾಡಿಕೊಳ್ಳುವ ಪ್ರಶ್ನೆಯೇ ಏಳುವುದಿಲ್ಲ, ಆಗ ಸಭಾಂಗಣದಲ್ಲಿ ನಡೆಯುವುದು ಕೇವಲ ಸಾಂಕೇತಿಕ ವಿಧಿ. ಯಾವುದನ್ನು ಎಲ್ಲಿ ದಾಖಲಿಸುವುದು ಎಂಬುದನ್ನು ದಿನಾಂಕ ಗೊತ್ತುಮಾಡುವ ಮುನ್ನವೇ ವಕೀಲರನ್ನು ಕೇಳಿ ತೀರ್ಮಾನಿಸಬೇಕು.

ಬಂದವರಿಗೆ ಮದುವೆಯ ಹಿಂದುಮುಂದಿನ ದಿನಗಳಲ್ಲಿ ನೋಡಲು ಇರುವುದೂ ಕಡಿಮೆಯಿಲ್ಲ. ಹಳ್ಳಿಯ ಕೊನೆಯಲ್ಲಿ 1607ರಷ್ಟು ಹಿಂದಿನ ಮರದ ಚರ್ಚ್ ಇದೆ, ಅದರೊಳಗೆ ಬ್ರೂರ್ ಯೋರ್ತ್ ಎಂಬ ಕಲಾವಿದನ ಬಣ್ಣಬಣ್ಣದ ಮರದ ಕೆತ್ತನೆಯಿದೆ. ಕಿರುನಾ ಪಟ್ಟಣವನ್ನೇ ಕಬ್ಬಿಣದ ಅದಿರಿನ ಗಣಿಗಾರಿಕೆಯಿಂದಾಗಿ ಬೇರೆಡೆಗೆ ಸ್ಥಳಾಂತರಿಸುತ್ತಿದ್ದಾರೆ. 1912ರಲ್ಲಿ ಕಟ್ಟಿದ, 672 ಟನ್ ತೂಕದ ಅಲ್ಲಿನ ದೊಡ್ಡ ಮರದ ಚರ್ಚನ್ನು 2025ರ ಆಗಸ್ಟಿನಲ್ಲಿ ಇಡಿಯಾಗಿ ಎತ್ತಿ ಎರಡು ದಿನಗಳಲ್ಲಿ 5 ಕಿಲೋಮೀಟರ್ ದೂರ ಸಾಗಿಸಿದರು. ಈ ಸಂಗತಿಯನ್ನು ಕೇಳಿದ ಇಂಜಿನಿಯರ್ ನೆಂಟರು ಹೋಟೆಲಿಗಿಂತ ಅದನ್ನೇ ಹೆಚ್ಚು ಹೊತ್ತು ಚರ್ಚಿಸಿದರು. ಆ ಉತ್ತರ ಸೀಮೆಯ ಮೂಲನಿವಾಸಿಗಳಾದ ಸಾಮಿ ಸಮುದಾಯದ ಹಿಮಸಾರಂಗ ಪಾಲಕರ ಬದುಕನ್ನು ಅವರಿಂದಲೇ ಕೇಳಿ ತಿಳಿಯುವ ಅವಕಾಶವೂ ಇದೆ.

ಉಳಿದದ್ದು ಖರ್ಚಿನ ಮಾತು. ಇದನ್ನು ಬರೆಯಲು ಎಲ್ಲರೂ ಸಂಕೋಚಪಡುತ್ತಾರೆ, ಮನಸ್ತಾಪ ಹುಟ್ಟುವುದೂ ಇಲ್ಲಿಯೇ. ವಿಮಾನ, ವೀಸಾ, ವಿಮೆ, ವಾಸ ಇವುಗಳಲ್ಲಿ ಯಾವುದನ್ನು ಮದುವೆ ಮನೆಯವರು ಭರಿಸುತ್ತಾರೆ, ಯಾವುದು ಅತಿಥಿಗಳ ಪಾಲಿನದು ಎಂಬುದು ಆಹ್ವಾನದ ಪತ್ರದಲ್ಲೇ ಇರಬೇಕು. ನಾವು ಸ್ಟಾಕ್‌ಹೋಮಿನಿಂದ ಮುಂದಿನದೆಲ್ಲ ನಮ್ಮದೆಂದೂ, ಅಲ್ಲಿಯವರೆಗಿನದು ಬರುವವರದೆಂದೂ, ಉಡುಗೊರೆ ಬೇಡವೆಂದೂ ನೇರವಾಗಿ ಬರೆದೆವು. ಹಾಗೆ ಬರೆದುದಕ್ಕೆ ಯಾರೂ ನೊಂದುಕೊಳ್ಳಲಿಲ್ಲ. ಹಾಸನದ ಚಿಕ್ಕಪ್ಪನವರು ಲೆಕ್ಕ ಹಾಕಿ ನೋಡಿ, “ಈ ಸಲ ಆಗಲ್ಲ ಕಣೋ, ಧಾರೆಗೆ ಎರಡು ದಿನ ಮುಂಚೆಯೇ ಬಂದುಬಿಡ್ತೀವಿ” ಎಂದು ಆಗಸ್ಟಿನಲ್ಲೇ ತಿಳಿಸಿದರು. ಮಾರ್ಚಿಯ ಮದುವೆಗೆ ಪತ್ರವನ್ನು ಜುಲೈನಲ್ಲಿ ಕಳುಹಿಸಿ, ಉತ್ತರವನ್ನು ಸೆಪ್ಟೆಂಬರಿನೊಳಗೆ ಪಡೆದು, ಬರುವವರ ಸಂಖ್ಯೆಯನ್ನು ಹೋಟೆಲಿಗೆ ಖಚಿತಪಡಿಸಿದ ಮೇಲೆಯೇ ವೀಸಾ ಅರ್ಜಿಗೆ ಕೈಹಾಕುವುದು ಸರಿಯಾದ ಕ್ರಮ. ಸಭಾಂಗಣದ ಕಾದಿರಿಸುವಿಕೆಯನ್ನು ಅದಕ್ಕೂ ಮುಂಚೆಯೇ ಮಾಡಿ, ವೀಸಾ ಸಿಗದ ಅತಿಥಿಯ ಕೊಠಡಿಯ ಹಣ ಎಷ್ಟು ಮರಳುತ್ತದೆ ಎಂಬುದನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಬೇಕು.